ಪೋಸ್ಟ್‌ಡಾಕ್ ಎಂದರೇನು, ಹೊರದೇಶದಲ್ಲಿ ಅದು ಸಿಗುವುದು ಹೇಗೆ?

ಪೋಸ್ಟ್ ಎಂದರೆ ನಮಗೆ ಅಂಚೆ, ಇಲ್ಲವೇ ಹುದ್ದೆ. ಪೋಸ್ಟ್‌ಡಾಕ್‌ನಲ್ಲಿರುವ ಪೋಸ್ಟ್ ಲ್ಯಾಟಿನ್ ಮೂಲದ್ದು, ‘ನಂತರ’ ಎಂದು ಅದರ ಅರ್ಥ. ಡಾಕ್ಟರೇಟ್ ಆದ ನಂತರ ಹಿರಿಯ ಸಂಶೋಧಕರೊಬ್ಬರ ತಂಡ ಸೇರಿ, ಕೆಲವು ವರ್ಷಗಳ ಮಟ್ಟಿಗೆ ಸಂಬಳ ಪಡೆದು ಸಂಶೋಧನೆ ಮಾಡುವ ತಾತ್ಕಾಲಿಕ ಕೆಲಸಕ್ಕೆ ಈ ಹೆಸರು. ‘ಇನ್ನೂ ಓದು ಮುಗಿಯಲಿಲ್ಲವೇ?’ ಎಂದು ನೆಂಟರು ಕೇಳುತ್ತಾರೆ. ಓದು ಮುಗಿದಿದೆ. ಇಲ್ಲಿ ಪರೀಕ್ಷೆಯಿಲ್ಲ, ಘಟಿಕೋತ್ಸವವಿಲ್ಲ, ಶುಲ್ಕವೂ ಇಲ್ಲ. ಹಣ ಕಟ್ಟಿದರೆ ಪೋಸ್ಟ್‌ಡಾಕ್ ಕೊಡಿಸುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದರು, ಅಲ್ಲಿನದೇ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಸಂಶೋಧಕರಾಗಿದ್ದರು, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ನಡುವೆ ಬರ್ಕ್ಲಿಯಲ್ಲಿ ಕಳೆದ ಆ ಅವಧಿಯನ್ನೇ ಇಂದು ಪೋಸ್ಟ್‌ಡಾಕ್ ಎನ್ನುತ್ತೇವೆ.

ದಾರಿ ಎರಡು. ಪ್ರಾಧ್ಯಾಪಕರು ತಮಗೆ ಬಂದ ಅನುದಾನದಿಂದ ನಿಮ್ಮನ್ನು ನೇಮಿಸಿಕೊಳ್ಳಬಹುದು. ಇಂಥ ಜಾಹೀರಾತುಗಳು ಯುರೋಪಿನ ಯುರಾಕ್ಸೆಸ್, ಬ್ರಿಟನ್ನಿನ ಜಾಬ್ಸ್.ಎಸಿ.ಯುಕೆ, ಗಣಿತದವರ ಮ್ಯಾಥ್‌ಜಾಬ್ಸ್ ತಾಣಗಳಲ್ಲಿ ಸಿಗುತ್ತವೆ. ಇಲ್ಲವಾದರೆ ನೀವೇ ಫೆಲೋಶಿಪ್, ಅಂದರೆ ಸಂಶೋಧನಾ ವೇತನ, ಗೆದ್ದು ಆ ಹಣದೊಂದಿಗೆ ಹೋಗಬಹುದು. ಆದರೆ ಅಲ್ಲಿಯೂ ಕರೆಸಿಕೊಳ್ಳುವವರ ಒಪ್ಪಿಗೆ ಬೇಕೇ ಬೇಕು. ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್ ಕೇಳುವಾಗ ಆತಿಥೇಯ ವಿಜ್ಞಾನಿಯ ಪತ್ರವೂ ಬೇಕು. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ಗೆ ಸಾಮಾನ್ಯವಾಗಿ ಅಲ್ಲಿನ ಸಂಶೋಧಕರೇ ನಿಮ್ಮ ಪರವಾಗಿ ಅರ್ಜಿ ಹಾಕುತ್ತಾರೆ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ, ಅರ್ಜಿಯ ಗಡುವಿಗೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದೆಂಬ ನಿಯಮವಿದೆ; ಇಲ್ಲಿಂದ ನೇರ ಹೋಗುವವರಿಗೆ ಇದು ಅಡ್ಡಿಯಲ್ಲ.

ಹಾಗಾಗಿ ಯಾವ ದಾರಿ ಹಿಡಿದರೂ ಮೊದಲು ಒಬ್ಬರಿಗೆ ಪತ್ರ ಬರೆಯಲೇಬೇಕು. ನಮ್ಮ ಹುಡುಗರು ಎಡವುವುದು ಇಲ್ಲಿಯೇ. ಪೂಜ್ಯರೇ, ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಅವಕಾಶ ಕೋರುತ್ತೇನೆ ಎಂಬ ಒಂದೇ ಒಕ್ಕಣೆಯನ್ನು ಐವತ್ತು ಜನರಿಗೆ ಕಳುಹಿಸುತ್ತಾರೆ. ಉತ್ತರ ಬರುವುದಿಲ್ಲ, ಮನಸ್ಸು ಮುದುಡುತ್ತದೆ. ಬದಲಿಗೆ ಹೀಗೆ ಬರೆದರೆ? ‘ಉಪ್ಪು ನೀರಿನಲ್ಲಿ ಭತ್ತದ ಬೇರು ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಉಪ್ಪು ನೀರು ನುಗ್ಗುವ ಕುಮಟಾದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಎಂಬ ಭತ್ತದ ತಳಿಯ ಮೇಲೆ ನಾನು ಪಿಎಚ್.ಡಿ. ಮಾಡಿದ್ದೇನೆ. ನೀವು ಎತ್ತಿರುವ ಕೊನೆಯ ಪ್ರಶ್ನೆಯನ್ನು ಈ ತಳಿಯಲ್ಲಿ ಪರೀಕ್ಷಿಸಬಹುದು.’ ನಾಲ್ಕು ಸಾಲು ಸಾಕು. ಇವರು ನನ್ನ ಕೆಲಸ ಓದಿದ್ದಾರೆ, ನನ್ನಲ್ಲಿಲ್ಲದ್ದೊಂದು ಇವರಲ್ಲಿದೆ ಎಂದು ಓದಿದವರಿಗೆ ತಿಳಿಯುತ್ತದೆ. ಜೊತೆಗೆ ಸ್ವವಿವರ, ಪ್ರಕಟಿತ ಲೇಖನಗಳ ಪಟ್ಟಿ, ಶಿಫಾರಸು ಮಾಡಬಲ್ಲ ಎರಡು-ಮೂರು ಹಿರಿಯರ ಹೆಸರಿರಲಿ. ಆ ಹಿರಿಯರಿಗೆ ಮೊದಲೇ ಹೇಳಿಡಿ. ಎರಡು ವಾರ ಕಾದು ಒಮ್ಮೆ ನೆನಪಿಸುವುದರಲ್ಲಿ ಸಂಕೋಚ ಬೇಡ.

ಮಹಾಪ್ರಬಂಧ ಸಲ್ಲಿಸುವ ಒಂದು ವರ್ಷ ಮೊದಲೇ ಇದನ್ನು ಶುರು ಮಾಡುವುದು ಒಳ್ಳೆಯದು. ಫೆಲೋಶಿಪ್‌ನ ಗಡುವು, ಫಲಿತಾಂಶ, ವೀಸಾ ಎಲ್ಲಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ.

ಸಂದರ್ಶನಕ್ಕೆ ಕರೆ ಬಂದಾಗ ನೀವೂ ಕೇಳಿ: ಒಪ್ಪಂದ ಎಷ್ಟು ವರ್ಷದ್ದು, ಮುಂದುವರಿಸುವುದು ಯಾವ ಆಧಾರದ ಮೇಲೆ, ಸಂಗಾತಿಗೆ ಯಾವ ವೀಸಾ. ಆ ತಂಡದಲ್ಲಿ ಈಗ ಪೋಸ್ಟ್‌ಡಾಕ್ ಆಗಿರುವವರೊಬ್ಬರೊಂದಿಗೆ ಅರ್ಧ ಗಂಟೆ ಮಾತನಾಡಲು ಅವಕಾಶವನ್ನೂ ಕೇಳಿ.