ಉಪ್ಪು ನೀರೆಲ್ಲ ಅಳಿವೆಯಲ್ಲ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಭೂಗೋಳ ಕಲಿಸುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಈ ಉತ್ತರ ಬಂದೇ ಬರುತ್ತದೆ: ‘ಅಳಿವೆ ಎಂದರೆ ನದಿ ಅಳಿಯುವ ಜಾಗ. ಉದಾಹರಣೆ: ಕೃಷ್ಣಾ.’ ಒಂದೇ ಸಾಲಿನಲ್ಲಿ ಎರಡು ತಪ್ಪು! ಅಳಿವೆ ಅಂದರೆ ಹೊಳೆ ಕಡಲು ಸೇರುವ, ಉಬ್ಬರದ ನೀರು ಒಳಗೆ ಬರುವ ಜಾಗ.

ಅಳಿವಿಗೂ ಅಳಿವೆಗೂ ಸುಮ್ನೆ ಗಂಟು ಹಾಕಬೇಡ್ರಪ್ಪಾ. ಮಂಗಳೂರು ಕಡೆ ‘ಅಳಿವೆ ಬಾಗಿಲು’ ಅಂತಾರೆ. ಮೀನುಗಾರರ ದೋಣಿ ಕಡಲಿಗೆ ಹೋಗುವುದೂ ವಾಪಸ್ ಬರುವುದೂ ಅಲ್ಲಿಂದಲೇ. ಬಾಗಿಲು ಅಂದಮೇಲೆ ಎರಡೂ ಕಡೆಯಿಂದ ಓಡಾಟ ಇರಬೇಕು, ಅಲ್ವಾ? ಹೊಳೆ ನೀರು ಹೊರಗೆ ಹೋಗುತ್ತದೆ, ಉಬ್ಬರ ಬಂದಾಗ ಕಡಲ ನೀರು ಒಳಗೆ ನುಗ್ಗುತ್ತದೆ. ದಿನಕ್ಕೆ ಸುಮಾರು ಎರಡು ಸಲ. ಈ ಉಬ್ಬರವನ್ನೇ ಎಲ್ಲರೂ ಬಿಟ್ಟು ಬರೆಯುತ್ತಾರೆ.

ಒಮ್ಮೆ ತಾಳಿಕೋಟೆ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸರ, ನಮ್ಮ ಡೋಣಿ ಹೊಳಿ ನೀರೂ ಉಪ್ಪ ಐತ್ರಿ. ಅದೂ ಅಳಿವೆ ಏನ್ರಿ?” ಕ್ಲಾಸೆಲ್ಲ ನಕ್ಕಿತು. ನನಗೆ ಮಾತ್ರ ಖುಷಿಯಾಯಿತು. ಡೋಣಿಗೆ ಉಪ್ಪು ಬರುವುದು ನೆಲದಿಂದ, ಕಡಲಿನಿಂದ ಅಲ್ಲ. ಉಬ್ಬರ ಮುಟ್ಟದ ಹೊಳೆ ಎಷ್ಟೇ ಉಪ್ಪಾಗಿದ್ದರೂ ಅಳಿವೆಯಲ್ಲ.

ಇನ್ನು ಕೃಷ್ಣಾ. ಅದು ದೂರದಿಂದ ಹೂಳು ಹೊತ್ತು ತಂದು, ಬಂಗಾಳ ಕೊಲ್ಲಿ ಸೇರುವ ಬಾಯಲ್ಲಿ ಸುರಿದು, ಕವಲೊಡೆದು ಮುಖಜಭೂಮಿ (ಡೆಲ್ಟಾ) ಕಟ್ಟಿದೆ. ಆ ಕವಲುಗಳ ತುದಿಗೂ ಉಬ್ಬರ ಬರುತ್ತದೆ, ಹಾಗಾಗಿ ‘ಕೃಷ್ಣೆಯಲ್ಲಿ ಅಳಿವೆಯ ಗುಣವೇ ಇಲ್ಲ’ ಅಂತ ನಾನೂ ಹೇಳಲಾರೆ. ಆದರೆ ಪರೀಕ್ಷೆಯಲ್ಲಿ ಮುಖಜಭೂಮಿ ಅಂತಲೇ ಬರೆಯಿರಿ. ಅಳಿವೆಗೆ ಉದಾಹರಣೆ ಬೇಕಾದರೆ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಹೊಳೆಯೇ ಇದೆ. ಅಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಅಲ್ಲೇ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಅನ್ನಿಸಿಕೊಂಡು, ಪಣಜಿ ಹತ್ತಿರ ಅಳಿವೆಯಾಗುತ್ತದೆ.

ಬೋರ್ಡಿನ ಮೇಲೆ ಎಷ್ಟು ಗೀಚಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಆ ಬ್ಯಾಚನ್ನು ಕುಮಟಾ ತಾಲ್ಲೂಕಿನ ತದಡಿಗೆ ಕರೆದುಕೊಂಡು ಹೋದೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆ ಅದು. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಅಲ್ಲಿವೆ. ದಡದಲ್ಲಿ ನಿಂತಿದ್ದಾಗ ತೆಂಗಿನ ಗರಿಯೊಂದು ಕಡಲಿಗೆ ಬೆನ್ನು ಮಾಡಿ ಮೇಲಕ್ಕೆ ತೇಲುತ್ತಿತ್ತು.

“ಸರ, ಹೊಳಿ ಹಿಂದಕ ಹೊಂಟೈತ್ರೀ!”

ಡೋಣಿಯ ಹುಡುಗನೇ. ಎಷ್ಟು ಕರೆದರೂ ಊಟಕ್ಕೆ ಬರಲಿಲ್ಲ. ಗರಿ ತಿರುಗಿ ಬರುವುದನ್ನು ನೋಡಿಯೇ ಬರುತ್ತೇನೆ ಅಂದ.