ಉಡುಗೊರೆ, ವಿಷ, ಮದುವೆ: 'ಗಿಫ್ಟ್' ಎಂಬ ಪದ ನಡೆದು ಬಂದ ದಾರಿ

ಸ್ವೀಡನ್ನಿನಲ್ಲಿ ಅರ್ಜಿ ತುಂಬುವಾಗ ಮದುವೆಯ ವಿವರ ಕೇಳುವ ಕಡೆ ಎರಡು ಚೌಕಗಳು ಕಾಣುತ್ತವೆ. ಒಂದರ ಪಕ್ಕ 'ಗಿಫ್ಟ್' ಎಂದಿರುತ್ತದೆ, ಇನ್ನೊಂದರ ಪಕ್ಕ 'ಓಗಿಫ್ಟ್'. ಮದುವೆಯಾದವರು ಮೊದಲನೆಯದಕ್ಕೆ ಗುರುತು ಹಾಕುತ್ತಾರೆ, ಆಗದವರು ಎರಡನೆಯದಕ್ಕೆ. ಅದೇ ದೇಶದಲ್ಲಿ ಮಗು ನೆಲ ಒರೆಸುವ ದ್ರಾವಣ ಕುಡಿದುಬಿಟ್ಟರೆ ಸಲಹೆಗೆ ಫೋನ್ ಮಾಡುವ ಒಂದು ಕೇಂದ್ರವಿದೆ. ಅದರ ಹೆಸರು ಶುರುವಾಗುವುದೂ 'ಗಿಫ್ಟ್' ಎಂದೇ. ಅಲ್ಲಿ ಅದರ ಅರ್ಥ ವಿಷ. ಎರಡೂ ಕಡೆ ಅದೇ ನಾಲ್ಕು ಅಕ್ಷರ, ಎರಡನ್ನೂ ಓದುವುದು 'ಯಿಫ್ಟ್' ಎಂದು.

ನಮಗೆ ಗೊತ್ತಿರುವ ಗಿಫ್ಟ್ ಮೂರನೆಯದು. ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಬಣ್ಣದ ಕಾಗದ ಸುತ್ತಿ ಕೊಡುವ ಗಿಫ್ಟ್. ಇಂಗ್ಲಿಷಿನಿಂದ ಬಂದು ಕನ್ನಡದ್ದೇ ಆಗಿಬಿಟ್ಟ ಪದ. ಇದನ್ನು ನಂಬಿಕೊಂಡು ಜರ್ಮನಿಗೆ ಹೋದವರಿಗೆ ಅಲ್ಲಿ ಇಲಿ ಪಾಷಾಣದ ಡಬ್ಬಿಯ ಮೇಲೆ ಅದೇ ಪದ ಕಾಣುತ್ತದೆ. ಜರ್ಮನಿಯ ಹಳೆಯ ಔಷಧಿ ಅಂಗಡಿಗಳಲ್ಲಿ ವಿಷದ ಪದಾರ್ಥಗಳಿಗೇ ಒಂದು ಬೇರೆ ಕಪಾಟು ಇರುತ್ತಿತ್ತು. ಅದಕ್ಕೆ 'ಗಿಫ್ಟ್‌ಶ್ರಾಂಕ್' ಎನ್ನುತ್ತಿದ್ದರು. ಅದರೊಳಗಿನ ಜಾಡಿಗಳ ಚೀಟಿಯೇ ಬೇರೆ: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಅವಸರದಲ್ಲಿ ಕೈ ಹಾಕಿದರೂ ತಪ್ಪಬಾರದು ಅಂತ. ಆಮೇಲೆ ಗ್ರಂಥಾಲಯಗಳಲ್ಲಿ ಎಲ್ಲರಿಗೂ ಕೊಡದೆ ಬೀಗ ಹಾಕಿಡುತ್ತಿದ್ದ ಪುಸ್ತಕಗಳ ಜಾಗಕ್ಕೂ ಇದೇ ಹೆಸರು ಬಂತು.

ಇದನ್ನೆಲ್ಲ ಆಕಸ್ಮಿಕ ಎಂದುಕೊಳ್ಳುವವರೇ ಜಾಸ್ತಿ. ಸುಮ್ನೆ ಕಾಗುಣಿತ ಹೊಂದಿಕೊಂಡಿದೆ ಅಷ್ಟೇ ಅಂತ. ಹಾಗಲ್ಲ. ಮೂರೂ ಒಂದೇ ತಾಯಿಯ ಮಕ್ಕಳು, ಆ ತಾಯಿ 'ಕೊಡು' ಎಂಬ ಕ್ರಿಯಾಪದ. ಇಂಗ್ಲಿಷಿನಲ್ಲಿ ಅದು 'ಗಿವ್', ಜರ್ಮನ್ನಿನಲ್ಲಿ 'ಗೇಬೆನ್'. ಕೊಟ್ಟದ್ದು ಏನು, ಯಾರಿಗೆ ಎಂಬುದರ ಮೇಲೆ ಒಂದೊಂದು ನಾಡಿನಲ್ಲಿ ಒಂದೊಂದು ಅರ್ಥ ನಿಂತಿತು.

ಇಂಗ್ಲಿಷಿನಿಂದಲೇ ಶುರು ಮಾಡೋಣ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದ ಇತ್ತು, ಆದರೆ ಉಡುಗೊರೆ ಎಂಬ ಅರ್ಥದಲ್ಲಿ ಅಲ್ಲ. ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ತೆರ ಎಂಬ ಅರ್ಥದಲ್ಲಿ. ಬಹುವಚನದಲ್ಲಿ ಹೇಳಿದರೆ ಮದುವೆ ಎಂದೇ ಅರ್ಥ. ಉಚ್ಚಾರಣೆಯೂ ಈಗಿನ ಸ್ವೀಡಿಷ್ ಹಾಗೆ 'ಯಿಫ್ಟ್'. ಆಮೇಲೆ ಡೆನ್ಮಾರ್ಕ್, ನಾರ್ವೆ ಕಡೆಯ ಕಡಲಿಗರಾದ ವೈಕಿಂಗರು ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದ ಊರುಗಳಲ್ಲಿ ನೆಲೆಸಿದರು. ಅವರ ನಾರ್ಸ್ ಭಾಷೆಯಲ್ಲಿ ಅದೇ ಪದ ಗಟ್ಟಿ 'ಗ'ಕಾರದಲ್ಲಿತ್ತು, ಉಡುಗೊರೆ ಎಂಬ ಅರ್ಥವೂ ಇತ್ತು. ಅಕ್ಕಪಕ್ಕ ಬಾಳಿದವರ ಮಾತು ಬೆರೆತು, ಕೊನೆಗೆ ಉಳಿದದ್ದು ನಾರ್ಸ್ ರೂಪವೇ. ಮದುವೆಯ ಅರ್ಥ ಇಂಗ್ಲಿಷಿನಲ್ಲಿ ಅಳಿಸಿಹೋಯಿತು. ತಮಾಷೆ ನೋಡಿ, ನಾರ್ಸ್ ಮಾತಿನ ಮಗಳಾದ ಸ್ವೀಡಿಷ್ ಭಾಷೆಯಲ್ಲಿ ಮುಂದೆ ಆ ಗಟ್ಟಿ 'ಗ' ಕರಗಿ 'ಯ' ಆಯಿತು. ಇಂಗ್ಲಿಷರು ಬಿಟ್ಟ ಉಚ್ಚಾರಣೆಗೆ ಸ್ವೀಡನ್ನಿನವರು ಬಂದು ಸೇರಿದರು.

ವಿಷದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದು ಶುರುವಾಗುವುದು ಗ್ರೀಕರ ವೈದ್ಯದಲ್ಲಿ. ರೋಗಿಗೆ ಅಳೆದು ಕೊಡುವ ಮದ್ದಿಗೆ ಅವರು 'ಡೋಸಿಸ್' ಎಂದರು. ಅದರ ಅರ್ಥ 'ಕೊಡುವುದು', ಅಷ್ಟೇ. ನಾವು ಕೊರೊನಾ ಕಾಲದಲ್ಲಿ 'ಎರಡನೇ ಡೋಸ್ ಆಯ್ತಾ?' ಎಂದು ಕೇಳುತ್ತಿದ್ದೆವಲ್ಲ, ಅದೇ ಡೋಸ್. ಸಂಸ್ಕೃತದ 'ದಾನ' ಕೂಡ ಇದೇ ಬೇರಿನದು. ಡೋಸ್ ಮತ್ತು ದಾನ ಅಕ್ಕ ತಂಗಿಯರು!

ಈ ಡೋಸಿಸ್ ಲ್ಯಾಟಿನ್ನಿಗೆ ಹೋಯಿತು. ಲ್ಯಾಟಿನ್ ಓದಿದ ಜರ್ಮನ್ ಪಂಡಿತರು ಅದನ್ನು ತಮ್ಮ ಮಾತಿಗೆ ತಂದಾಗ, 'ಕೊಡುವುದು' ಎಂಬ ಅರ್ಥದ ತಮ್ಮದೇ ಪದ 'ಗಿಫ್ಟ್' ಸಿದ್ಧವಾಗಿತ್ತು. ಮೊದಲು ಅದು ಕೊಡುವ ಮದ್ದು. ಆಮೇಲೆ ಕೊಲ್ಲುವ ಮದ್ದಿಗೂ ಅದೇ ಬಳಕೆ. ವಿಷ ಎಂದು ಬಾಯಿಬಿಟ್ಟು ಹೇಳಲು ಜನ ಹಿಂಜರಿಯುತ್ತಾರೆ. ನಮ್ಮಲ್ಲಿ ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ 'ಹುಳ' ಎನ್ನುವ ಹಾಗೆ, ಅವರು 'ಕೊಟ್ಟದ್ದು' ಎಂದರು. ಬಹಳ ಕಾಲ ಜರ್ಮನ್ನಿನಲ್ಲಿ ಎರಡು ಅರ್ಥವೂ ಒಟ್ಟಿಗೇ ಇದ್ದವು. ನಿಧಾನವಾಗಿ ವಿಷವೇ ಮೇಲುಗೈ ಪಡೆಯಿತು. ಉಡುಗೊರೆಯ ಅರ್ಥ ಇಂದಿಗೂ ಒಂದು ಮೂಲೆಯಲ್ಲಿ ಉಳಿದಿದೆ: 'ಮಿಟ್‌ಗಿಫ್ಟ್', ಅಂದರೆ ಮಗಳ ಜೊತೆ ಕೊಟ್ಟು ಕಳಿಸುವ ವರದಕ್ಷಿಣೆ.

1538ರಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಜರ್ಮನ್ನಿನಲ್ಲಿ ಬರೆದ ಮಾತು ವೈದ್ಯರಿಗೆಲ್ಲ ಗೊತ್ತು. ಎಲ್ಲವೂ ವಿಷವೇ, ವಿಷವಿಲ್ಲದ್ದು ಯಾವುದೂ ಇಲ್ಲ, ಒಂದು ವಸ್ತು ವಿಷವಲ್ಲ ಅನ್ನಿಸುವುದು ಅದರ ಪ್ರಮಾಣದಿಂದ ಮಾತ್ರ. ಇಲ್ಲಿ ವಿಷಕ್ಕೆ ಅವನು ಬಳಸಿದ್ದು 'ಗಿಫ್ಟ್', ಪ್ರಮಾಣಕ್ಕೆ 'ಡೋಸಿಸ್'. ಬಗೆದು ನೋಡಿದರೆ ಎರಡೂ 'ಕೊಟ್ಟದ್ದು' ಎಂಬ ಒಂದೇ ಮಾತು, ಒಂದು ಜರ್ಮನ್, ಇನ್ನೊಂದು ಗ್ರೀಕ್. ಈ ವಾಕ್ಯ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೊಸಬರು ಬಂದಾಗ ಹಳಬರು ಜಾಗ ಬಿಡಬೇಕಲ್ಲ. ವಿಷಕ್ಕೆ ಜರ್ಮನ್ನಿನಲ್ಲಿ ಮೊದಲಿದ್ದ ಪದ ಸವೆದು ಈಗ 'ಐಟರ್' ಆಗಿದೆ, ಅರ್ಥ ಕೀವು. ದೂರದ ದ್ವೀಪವಾದ ಐಸ್‌ಲ್ಯಾಂಡಿನಲ್ಲಿ ಆ ಹಳೆಯ ಪದವೇ ಈಗಲೂ ವಿಷ. ಡೆನ್ಮಾರ್ಕಿನಲ್ಲಿ ಅದು ಜೇಡದ ಹೆಸರಿನೊಳಗೆ ಅಡಗಿ ಕೂತಿದೆ: 'ಎಡರ್‌ಕಾಪ್'. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಿಗೆ ವಿಷದ ಗಿಫ್ಟ್ ತಲುಪಿದ್ದು ಜರ್ಮನ್ ಕಡೆಯಿಂದಲೇ. ಅಲ್ಲಿ ಮದುವೆಯ ಗಿಫ್ಟ್ ಮೊದಲೇ ಇತ್ತು. ಹೀಗೆ ಎರಡೂ ಒಂದೇ ಮನೆಯಲ್ಲಿ ಉಳಿದವು. ಡಚ್ಚರು ಮಾತ್ರ ಭಾಗ ಮಾಡಿಕೊಂಡರು. ದಾನಕ್ಕೆ 'ಗಿಫ್ಟ್', ವಿಷಕ್ಕೆ ಕೊನೆಯ ಅಕ್ಷರ ಕಿತ್ತು 'ಗಿಫ್'. ಆದರೂ 'ವಿಷಪೂರಿತ' ಎನ್ನುವಾಗ ಆ ಅಕ್ಷರ ತಿರುಗಿ ಬಂದು 'ಗಿಫ್ಟಿಗ್' ಆಗುತ್ತದೆ. ಆಸ್ಟ್ರಿಯಾದ ಕಡೆ ಇದಕ್ಕೆ ಸಿಟ್ಟು ಎಂಬ ಅರ್ಥವೂ ಸೇರಿದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1924ರಲ್ಲಿ ಈ ಎರಡು ಅರ್ಥಗಳ ಮೇಲೆಯೇ ಒಂದು ಸಣ್ಣ ಲೇಖನ ಬರೆದರು. ಹಳೆಯ ಜರ್ಮನರಲ್ಲಿ ಒಟ್ಟಿಗೆ ಕೂತು ಕುಡಿಯುವುದು, ಒಬ್ಬರಿಗೊಬ್ಬರು ಪಾನೀಯ ಕೊಡುವುದು ದೊಡ್ಡ ಸಂಪ್ರದಾಯ. ಕೊಟ್ಟ ಬಟ್ಟಲಲ್ಲಿ ಸಾಮಾನ್ಯವಾಗಿ ವಿಷ ಇರುವುದಿಲ್ಲ, ಆದರೆ ಯಾವತ್ತು ಬೇಕಾದರೂ ಇರಬಹುದು. ಆ ಅಳುಕು ಪದದೊಳಗೆ ಸೇರಿದೆ ಎನ್ನುವುದು ಅವರ ವಾದ. ಮರುವರ್ಷ ದಾನದ ಬಗ್ಗೆ ಅವರು ಬರೆದ ದೊಡ್ಡ ಪ್ರಬಂಧದಲ್ಲಿ ಮಹಾಭಾರತದ ಅನುಶಾಸನ ಪರ್ವದ ದಾನಧರ್ಮವೂ ಬರುತ್ತದೆ. ಪದ ಹುಟ್ಟಿದ ಬಗೆಗೆ ಡೋಸಿಸ್ ಕಥೆಯೇ ಹೆಚ್ಚು ಗಟ್ಟಿ ಎಂದು ನನಗೆ ಅನ್ನಿಸುತ್ತದೆ. ಆದರೆ ಮಾಸ್ ಹೇಳಿದ ಅಳುಕು ಸುಳ್ಳಲ್ಲ. ಜರ್ಮನ್ನಿನಲ್ಲಿ ಇವತ್ತು ಉಡುಗೊರೆಗೆ 'ಗೆಶೆಂಕ್' ಎನ್ನುತ್ತಾರೆ. ಅದು ಬಂದದ್ದು ಪಾನೀಯ ಸುರಿದುಕೊಡು ಎಂಬ ಕ್ರಿಯೆಯಿಂದ. ಫ್ರೆಂಚರ 'ಪ್ವಾಜೋಂ', ಇಂಗ್ಲಿಷಿನ 'ಪಾಯ್ಸನ್' ಹುಟ್ಟಿದ್ದೂ ಲ್ಯಾಟಿನ್ನಿನ 'ಪಾನೀಯ'ದಿಂದಲೇ. ಒಂದು ಕಡೆ ಬಟ್ಟಲು ಉಡುಗೊರೆಯಾಯಿತು, ಇನ್ನೊಂದು ಕಡೆ ವಿಷವಾಯಿತು.

ರೋಮನ್ನರಿಗೂ ಈ ತೊಡಕು ಇತ್ತು. ಅವರ 'ವೆನೇನುಮ್' ಎಂಬ ಪದಕ್ಕೆ ವಿಷ, ಔಷಧಿ ಎರಡೂ ಅರ್ಥ. ಎರಡನೇ ಶತಮಾನದ ಕಾನೂನು ಪಂಡಿತ ಗೈಯಸ್ ಇದನ್ನು ಬಿಡಿಸಿ ಹೇಳಿದ್ದಾನೆ: ವೆನೇನುಮ್ ಎನ್ನುವವರು ಒಳ್ಳೆಯದೋ ಕೆಟ್ಟದ್ದೋ ಎಂದು ಜೊತೆಗೆ ಹೇಳಬೇಕು, ಯಾಕೆಂದರೆ ಔಷಧಿಗಳೂ ವೆನೇನುಮ್‌ಗಳೇ.

ಕನ್ನಡದವರಿಗೆ ಇದು ಹೊಸದೇನಲ್ಲ. ನಮ್ಮ 'ಮದ್ದು' ಇದೆಯಲ್ವಾ? ಜ್ವರಕ್ಕೆ ಕುಡಿಸುವುದು ಮದ್ದು, ಪಟಾಕಿಯೊಳಗಿನದು ಮದ್ದು. ಊಟದಲ್ಲಿ ಗುಟ್ಟಾಗಿ ಬೆರೆಸಿದ್ದೂ ಮದ್ದೇ. 'ಯಾರೋ ಮದ್ದು ಹಾಕಿದ್ದಾರೆ' ಎಂದರೆ ಹಳ್ಳಿಯಲ್ಲಿ ಯಾರೂ ಅದನ್ನು ಔಷಧಿ ಎಂದುಕೊಳ್ಳುವುದಿಲ್ಲ. ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕಕ್ಕೂ ರೈತರು ಹೇಳುವುದು 'ಔಷಧಿ' ಎಂದೇ.

ಇನ್ನು ಮದುವೆಯ ಗಿಫ್ಟ್. ವಿಷ ಮತ್ತು ಮದುವೆಗೆ ಒಂದೇ ಪದ ಎಂದು ಜನ ನಗುತ್ತಾರೆ. ಆ ನಗುವಿನಲ್ಲಿ ಒಂದು ಭಾರವಾದ ಸಂಗತಿ ಮರೆಯಾಗಿಬಿಡುತ್ತದೆ. ಅಲ್ಲಿ ಗಿಫ್ಟ್ ಎಂದರೆ ಮೂಲದಲ್ಲಿ 'ಕೊಡಲ್ಪಟ್ಟವಳು'. ಸ್ವೀಡನ್ನಿನ ಹಳೆಯ ಕಾನೂನಿನಲ್ಲಿ ಹೆಣ್ಣನ್ನು ಮದುವೆ ಮಾಡಿ ಕೊಡುವ ಹಕ್ಕಿದ್ದ ಗಂಡಸಿಗೆ 'ಯಿಫ್ಟೂಮಾನ್' ಎಂದು ಹೆಸರು. ತಂದೆ, ತಂದೆ ಇಲ್ಲದಿದ್ದರೆ ಅಣ್ಣನೋ ಇನ್ನೊಬ್ಬ ನೆಂಟನೋ. 1734ರ ಕಾನೂನು ಸಂಹಿತೆಯಲ್ಲಿ ಮದುವೆಯ ಭಾಗದ ಹೆಸರು ಕೂಡ ಇದೇ ಪದದಿಂದ ಆದದ್ದು. 21 ತುಂಬಿದ ಹೆಣ್ಣು ತನ್ನ ಮದುವೆಯನ್ನು ತಾನೇ ತೀರ್ಮಾನಿಸಬಹುದು ಎಂದಾದದ್ದು 1872ರಲ್ಲಿ.

ಪದ ಮಾತ್ರ ಬದಲಾಗಲಿಲ್ಲ, ಅದನ್ನು ಹೇಳುವವರು ಬದಲಾದರು. ಇವತ್ತು ಸ್ವೀಡನ್ನಿನ ಗಂಡಸೂ ತನ್ನನ್ನು ಗಿಫ್ಟ್ ಎಂದೇ ಹೇಳಿಕೊಳ್ಳುತ್ತಾನೆ. 2009ರಿಂದ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಕೂಡ ಮದುವೆಯಾಗಿ ಅದೇ ಚೌಕಕ್ಕೆ ಗುರುತು ಹಾಕುತ್ತಾರೆ. ಯಾರು ಯಾರನ್ನು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತ ಅಜ್ಜಿಯರು ಈಗಲೂ ಪಕ್ಕದವರನ್ನು ಕೇಳುತ್ತಾರೆ: 'ದೊಡ್ಡ ಮಗಳನ್ನ ಯಾವ ಊರಿಗೆ ಕೊಟ್ಟಿದ್ದೀರವ್ವಾ?' ಮಗನ ಬಗ್ಗೆ ಕೇಳುವ ಮಾತು ಬೇರೆ: 'ಸೊಸೇನ ಎಲ್ಲಿಂದ ತಂದ್ರಿ?'