ಮತಗಟ್ಟೆಯಲ್ಲಿ ರಸೀದಿ ಯಾಕೆ ಕೊಡಲ್ಲ?

ಎಟಿಎಂನಲ್ಲಿ ಐನೂರು ರೂಪಾಯಿ ತೆಗೆದರೂ ಚೀಟಿ ಬರುತ್ತದೆ. ಮತ ಹಾಕಿದರೆ? ಯಾರಿಗೆ ಹಾಕಿದಿರಿ ಎಂದು ವಿವಿಪ್ಯಾಟ್ ಯಂತ್ರ ಅಚ್ಚು ಹಾಕುವ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸಿ ಡಬ್ಬಿಯೊಳಗೆ ಬಿದ್ದುಬಿಡುತ್ತದೆ. ‘ಅದನ್ನು ಕೈಗೆ ಕೊಟ್ಟರೆ ಇವರ ಗಂಟೇನು ಹೋಗುತ್ತೆ?’ ಎಂದು ಪ್ರತಿ ಚುನಾವಣೆಯಲ್ಲೂ ಯಾರಾದರೂ ಕೇಳುತ್ತಾರೆ. ಪ್ರಜಾಪ್ರಭುತ್ವದ ಬೇರೇ ಹೋಗುತ್ತೆ ಮಾರಾಯ್ರೇ!

ಬ್ರಿಟನ್ನಿನಲ್ಲಿ 1872ರವರೆಗೆ ಮತ ಹಾಕುವುದೆಂದರೆ ಎಲ್ಲರೆದುರು ನಿಂತು ಹೆಸರು ಹೇಳುವುದು. ಯಾರು ಯಾರಿಗೆ ಹಾಕಿದರು ಎನ್ನುವ ಪಟ್ಟಿಯನ್ನು ಪುಸ್ತಕ ಮಾಡಿ ಅಚ್ಚು ಹಾಕುತ್ತಿದ್ದರು. 1868ರಲ್ಲಿ ವೇಲ್ಸ್‌ನ ಕೆಲವು ಗೇಣಿದಾರರು ಒಡೆಯರ ಮಾತು ಮೀರಿ ಲಿಬರಲ್ ಪಕ್ಷಕ್ಕೆ ಮತ ಹಾಕಿದರು. ಜಮೀನಿನಿಂದ ಎತ್ತಂಗಡಿಯಾದರು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1856ರಲ್ಲೇ ಗುಪ್ತ ಮತದಾನ ಬಂದಿತ್ತು. ಅದೇ ಪದ್ಧತಿಯಲ್ಲಿ 1872ರ ಆಗಸ್ಟ್ 15ರಂದು ಬ್ರಿಟನ್ನಿನ ಪಾಂಟೆಫ್ರ್ಯಾಕ್ಟ್ ಎಂಬ ಊರಿನಲ್ಲಿ ಉಪಚುನಾವಣೆ ನಡೆಯಿತು. ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಲು ಬಳಸಿದ್ದು ಆ ಊರಿನ ಜ್ಯೇಷ್ಠಮಧು ಮಿಠಾಯಿಗೆ ಒತ್ತುವ ಅಚ್ಚು!

ಈಗ ಗುಟ್ಟಿನ ಕೆಲಸ ನೋಡಿ. ಮತ ಕೊಳ್ಳುವವನಿಗೂ ಬೆದರಿಸುವವನಿಗೂ ಬೇಕಾದದ್ದು ಒಂದೇ: ಸಾಕ್ಷಿ. ಹೇಳಿದಂತೆ ಹಾಕಿದ್ದಾರೋ ಇಲ್ಲವೋ ಗೊತ್ತಾಗದಿದ್ದರೆ ದುಡ್ಡು ಯಾರ ನಂಬಿಕೆ ಮೇಲೆ ಕೊಡುವುದು? ಹಾಗಾಗಿ ಗುಟ್ಟು ಕಡ್ಡಾಯವಾಗಿರಬೇಕು. ‘ಬೇಕಿದ್ದವರು ತೋರಿಸಲಿ, ಬೇಡದವರು ಬಿಡಲಿ’ ಎಂದರೆ ನಡೆಯಲ್ಲ. ತೋರಿಸಲು ಸಾಧ್ಯವಾದ ದಿನವೇ ಧಣಿ ‘ತೋರಿಸು’ ಅನ್ನುತ್ತಾನೆ. ತೋರಿಸದವನು ಅಲ್ಲಿಗೇ ಸಿಕ್ಕಿಬಿದ್ದ. ಯಾರಿಗೂ ತೋರಿಸಲು ಆಗದಿದ್ದರೆ ಮಾತ್ರ ಕೂಲಿಯವನು ‘ಹೂಂ ಧಣಿ, ನಿಮಗೇ’ ಎಂದು ಸುಳ್ಳು ಹೇಳಿ ನೆಮ್ಮದಿಯಾಗಿ ಮನೆಗೆ ಹೋಗಬಹುದು. ಬೂತ್‌ನೊಳಗೆ ಮೊಬೈಲ್ ಬೇಡ ಎನ್ನುವುದೂ ಇದಕ್ಕೇ.

ಚಿಲಿ ದೇಶದ ಕಥೆ ನನಗೆ ತುಂಬಾ ಇಷ್ಟ. ಅಲ್ಲಿ ಪಕ್ಷಗಳೇ ಮತಪತ್ರ ಅಚ್ಚು ಹಾಕುತ್ತಿದ್ದವು, ಜಮೀನ್ದಾರರು ಅದನ್ನು ಆಳುಗಳ ಕೈಗಿಡುತ್ತಿದ್ದರು. 1958ರಲ್ಲಿ ಎಲ್ಲ ಪಕ್ಷಗಳಿಗೂ ಸೇರಿ ಸರ್ಕಾರವೇ ಅಚ್ಚು ಹಾಕಿದ ಒಂದೇ ಮತಪತ್ರ ಬಂತು. ಜಮೀನ್ದಾರಿ ಹಿಡಿತವಿದ್ದ ಕಡೆ ಬಲಪಂಥೀಯರ ಮತ ಕುಸಿಯಿತು. ಅಷ್ಟೇ ಅಲ್ಲ, ಆ ಕಡೆಗಳಲ್ಲಿ ಭೂಮಿಯ ಬೆಲೆಯೂ ಇಳಿಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅಲ್ಲಿಯವರೆಗೆ ಜಮೀನು ಕೊಂಡವನಿಗೆ ಆಳುಗಳ ಮತವೂ ಸೇರಿಯೇ ಸಿಗುತ್ತಿತ್ತು, ಅಲ್ವಾ?

‘ಓದು ಬರದವರಿಗೆ ಪ್ರಜಾಪ್ರಭುತ್ವ ಒಗ್ಗಲ್ಲ’ ಎನ್ನುವವರು ನಮ್ಮ 1951-52ರ ಚುನಾವಣೆ ನೋಡಬೇಕು. ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನೇತೃತ್ವದ ಆಯೋಗ ಅಭ್ಯರ್ಥಿಗೊಂದು ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿತು. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಒಂದು ತೂತೂ ಇತ್ತು: ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಸೊಂಟಕ್ಕೆ ಸಿಕ್ಕಿಸಿ ಹೊರಗೆ ತಂದು ಮಾರಬಹುದಿತ್ತು. ಆಮೇಲೆ ಎಲ್ಲ ಅಭ್ಯರ್ಥಿಗಳ ಹೆಸರಿರುವ ಒಂದೇ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು.

ಪರದೆಯನ್ನೂ ದಾಟುವ ಕಳ್ಳದಾರಿ ಇನ್ನೊಂದಿದೆ. ದುಡ್ಡಿನ ಜೊತೆ ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸುವುದು. ಆಗ ರಸೀದಿಯೇ ಬೇಡ. ಒಳಗೆ ಯಾರೂ ನೋಡದಿದ್ದರೂ ದೇವರು ನೋಡುತ್ತಾನಲ್ಲ ಎಂಬ ಭಯ ಸಾಕು. ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಚುನಾವಣಾ ಅಕ್ರಮ. ಇದನ್ನು ಹಳ್ಳಿಹಳ್ಳಿಯಲ್ಲಿ ಯಾರೂ ಯಾಕೆ ಸಾರುವುದಿಲ್ಲವೋ!

ಇಷ್ಟಾದರೂ ನಮ್ಮ ಗುಟ್ಟು ಅರೆಬರೆ. ಒಬ್ಬೊಬ್ಬರ ಮತ ತಿಳಿಯಲ್ಲ ಸರಿ, ಬೂತ್ ಬೂತಿನ ಲೆಕ್ಕ ತಿಳಿಯುತ್ತದೆ. ‘ನಿಮ್ಮ ಕೇರಿಯಲ್ಲಿ ನನಗೆ ಬಿದ್ದದ್ದೆಷ್ಟು ಗೊತ್ತು’ ಎಂದು ಗೆದ್ದವರು ರಸ್ತೆ, ನೀರು ತಪ್ಪಿಸಬಹುದು. ಕಾಗದದ ಕಾಲದಲ್ಲಿ ಹಲವು ಬೂತ್‌ಗಳ ಚೀಟಿ ಕಲಸಿ ಎಣಿಸಲು ಅವಕಾಶವಿತ್ತು. ಇವಿಎಂ ಬಂದ ಮೇಲೆ ಅದು ತಪ್ಪಿತು. ಹಲವು ಯಂತ್ರಗಳ ಮತ ಕೂಡಿಸಿ ಮೊತ್ತ ಮಾತ್ರ ಹೇಳುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು. 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.